ಎರಡು ವಾಟರ್ ಪಾರ್ಕು, ನನ್ನ ಸೀರೆ

ಬಂಧುಗಳೇ, ರಜೆಗೆ ಯಾವ ವಾಟರ್ ಪಾರ್ಕ್ ರೆಸಾರ್ಟಿಗೆ ಹೋಗಬೇಕೆಂದು ಇವತ್ತು ಬೆಳಗಿನಿಂದ ನಮ್ಮ ಹೊಸಪೇಟೆ ಮನೆಯಲ್ಲಿ ಜಗಳ. ಮಗನದೊಂದು, ಸೊಸೆಯದೊಂದು. ಇಬ್ಬರ ಮೊಬೈಲೂ ನೋಡಿ ನನ್ನ ಕಣ್ಣು ಸೋತವು.

"ಇಲ್ಲಿ ನೆರಳು ಭಾಳ ಐತ್ರಿ ಅತ್ತಿ, ಚೀಲ ಕಾಯ್ಕೋಂತ ಆರಾಮ ಕುಂದ್ರಬಹುದು" ಎಂದಳು ಸೊಸೆ.

"ನಾ ಹೇಳಿದಲ್ಲಿ ಅವ್ವಗ ಫ್ಯಾನೂ ಐತಿ" ಎಂದ ಮಗ.

ಪ್ರತಿ ಪ್ರವಾಸದಲ್ಲೂ ಚೀಲ, ಚಪ್ಪಲಿ ಕಾದು ನನಗೆ ಸಾಕಾಗಿದೆ. "ನಾನೂ ನೀರಿಗೆ ಇಳೀತೀನಿ. ಸೀರಿ ಉಟ್ಕೊಂಡು ಇಳಿಯಾಕ ಎಲ್ಲಿ ಬಿಡ್ತಾರ ಕೇಳು" ಎಂದೆ.

ಮಗ ಫೋನ್ ಮಾಡಿದ. ಎರಡೂ ಕಡೆ ಸೀರೆ ನಡೆಯುವುದಿಲ್ಲ, ನೈಲಾನ್ ಡ್ರೆಸ್ಸೇ ಬೇಕಂತೆ.

"ಹಂಗಾರ ನನ್ನ ಅಳತೀದು ಒಂದು ತಗೊಂಡ್ ಬಾ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬೆಳಗಿನಿಂದ ಮೊದಲ ಸಲ ಇಬ್ಬರದೂ ಒಂದೇ ಮಾತಾಗಿದೆ: ಈ ಸಲ ಸಂಡೂರಿನ ಗುಡ್ಡ ನೋಡಿ ಬಂದರೆ ಸಾಕಂತೆ.