ನಡೆದು ನೋಡುತ್ತಿದ್ದ ಮಾಲಿ

ಮಳವಳ್ಳಿಯ ನಮ್ಮ ಕಾಲೇಜಿನ ಮಾಲಿಗೆ ಕಾಗದದ ಮೇಲೆ ನಂಬಿಕೆಯಿರಲಿಲ್ಲ. ಯಾರು ಏನು ತೋರಿಸಿದರೂ “ನಡ್ದು ನೋಡವ ಬನ್ನಿ” ಎನ್ನುತ್ತಿದ್ದರು. ಮುಂದಿನ ಮೂವತ್ತು ವರ್ಷಗಳ ಕ್ಯಾಂಪಸ್ ನಕ್ಷೆ ಮರುದಿನ ಅಂತಿಮವಾಗಬೇಕಿತ್ತು. ಅದರಲ್ಲಿ ಹೊಸ ಗ್ರಂಥಾಲಯದ ಜಾಗ ಕಂಡು, ಮಾಲಿ ನಕ್ಷೆ ಬರೆದ ಇಂಜಿನಿಯರಮ್ಮನನ್ನು ಕೇಳಿದರು: “ಪುಸ್ತಕಕ್ಕೆ ಈಜು ಕಲಿಸ್ತೀರಾ ಮೇಡಮ್ಮೋರೆ?”

ಆಕೆ ನೆಲ ಅಳೆದದ್ದು ಪಕ್ಕದ ನಾಲೆ ಬತ್ತಿದ್ದ ಬೇಸಿಗೆಯಲ್ಲಿ. ಈಗ ನಾಲೆ ತುಂಬಿ ಹರಿಯುತ್ತಿತ್ತು. ಮಾಲಿ ನಮ್ಮನ್ನು ಆ ಜಾಗಕ್ಕೆ ಕರೆದೊಯ್ದು ಹಾರೆ ಹಾಕಿದರು. ಒಂದು ಗೇಣಿಗೇ ನೀರು ಜಿನುಗಿತು.

“ಗಟ್ಟಿ ನೆಲ ಎಲ್ಲಿದೆ ಅಣ್ಣ?” ಆಕೆಯ ಕಣ್ಣು ಹೊಳೆಯುತ್ತಿತ್ತು.

ಅವರು ಬಿರಬಿರನೆ ನಡೆದರು. ನಾವು ಹಿಂದೆ ಓಡಿದೆವು. ಎತ್ತರದ ಒಂದು ಕಡೆ ನಿಂತು ಹಿಮ್ಮಡಿಯಿಂದ ನೆಲ ಗುದ್ದಿದರು. “ಇಲ್ಲಿ ಕಟ್ಸಿ ಕಣವ್ವ. ನಿಮ್ ಮೊಮ್ಮಕ್ಳೂ ಓದ್ಲಿ.”

ಅದು ಅವರೇ ಬೆಳೆಸಿದ್ದ ಗುಲಾಬಿ ತೋಟ. ಆಕೆ ನಕ್ಷೆ ತಿದ್ದುವಷ್ಟರಲ್ಲಿ ಮಾಲಿ ಮೊದಲ ಗಿಡವನ್ನು ಬೇರುಸಮೇತ ಎತ್ತಿದ್ದರು.