ಹಾಲಿನವರ ಮೊಪೆಡ್ಡು ಮತ್ತು ನಮ್ಮಣ್ಣ

ನಮ್ಮಣ್ಣನ ಬಲಗೈ ಮೇಲೆ ಬಾಚಣಿಗೆ ಕಾಯಿಸಿ ಒತ್ತಿದ ಹಾಗೆ ಸಾಲು ಸಾಲು ಸುಟ್ಟ ಗೆರೆಗಳಿದ್ದವು. ಮೊಪೆಡ್ಡು, ಬೈಕಿನ ಸಣ್ಣ ಇಂಜಿನ್ನಿಗೆ ತಣಿಸಲು ನೀರಿಲ್ಲ. ಮೈಸುತ್ತ ಇರುವ ರೆಕ್ಕೆಗಳಿಗೆ ಗಾಳಿ ಬಡಿದೇ ಅದು ತಣ್ಣಗಾಗಬೇಕು. ಆ ರೆಕ್ಕೆಗಳು ಆರುವ ಮೊದಲೇ ಅಣ್ಣ ಕೈ ಇಡುತ್ತಿದ್ದ. ಬಿಸಿ ಇದ್ದಾಗಲೇ ಇಂಜಿನ್ನು ನಿಜ ಹೇಳೋದು ಅನ್ನುತ್ತಿದ್ದ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಷ್ಟು ಗೊತ್ತಿರುವುದೂ ಕುಂದಾಣದ ಅವನ ಗಾಡಿ ರಿಪೇರಿ ಅಂಗಡಿ ಮುಂದೆ ಕೂತು ಕೇಳಿದ್ದರಿಂದ.

ಅವನದೊಂದು ಕಟ್ಟಳೆ ಇತ್ತು. ಬೋರ್ ಹಾಕಿಸಿದ ಗಾಡಿಯನ್ನು, ಅಂದರೆ ಸವೆದ ಸಿಲಿಂಡರನ್ನು ಲೇತಿನಲ್ಲಿ ಕೊರೆಸಿ ಹೊಸ ಪಿಸ್ಟನ್ ಕೂರಿಸಿದ್ದನ್ನು, ತಕ್ಷಣ ಕೊಡುತ್ತಿರಲಿಲ್ಲ. ಒಂದು ವಾರ ತಾನೇ ದೇವನಹಳ್ಳಿ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ಪಳಗಿಸುತ್ತಿದ್ದ. ಪಳಗುವ ಮೊದಲೇ ಜೋರು ಓಡಿಸಿದರೆ ಹೊಸ ಪಿಸ್ಟನ್ ಕಾದು, ಗೀರುಬಿದ್ದು, ಸಿಲಿಂಡರಿನಲ್ಲೇ ಹಿಡಿದುಕೊಳ್ಳುತ್ತದೆ. ಸೈಕಲ್ಲಿನವರು ಕೂಡ ಅವನನ್ನು ಹಿಂದೆ ಹಾಕಿ, ಏನ್ ಗುರು ಮೆರವಣಿಗೆನಾ, ಅಂತ ಕಿಚಾಯಿಸುತ್ತಿದ್ದರು.

"ಬಾಣಂತಿ ಕಣ್ರೋ, ಓಡಿಸಬಾರದು" ಅನ್ನುತ್ತಿದ್ದ ಅಣ್ಣ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಬಾಶೆಟ್ಟಿಹಳ್ಳಿಯ ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದೆ. ಇನ್ನೊಂದು ಸಲ ತಡವಾದರೆ ಬರಲೇಬೇಡ ಅಂತ ಸೂಪರ್‌ವೈಸರ್ ಹೇಳಿದ್ದ. ಮಾರನೇ ದಿನವೇ ಬಸ್ಸು ತಪ್ಪಿತು. ಅಣ್ಣ ಸಾಮಾನು ತರಲು ಬೆಂಗಳೂರಿಗೆ ಹೋಗಿದ್ದ. ಹಾಲು ಹಾಕುವವರ ಮೊಪೆಡ್ಡು, ಆಗಷ್ಟೇ ಹೊಸ ಬೋರ್ ಆದದ್ದು, ಮನೆ ಮುಂದೆ ನಿಂತಿತ್ತು. ನನಗೆ ಗಾಡಿ ಕಲಿಸಿದವನೂ ಅಣ್ಣನೇ. ನನ್ನಂತೆಯೇ ಬಸ್ಸು ತಪ್ಪಿಸಿಕೊಂಡ ಗೆಳತಿಯನ್ನು ಹಿಂದೆ ಕೂರಿಸಿಕೊಂಡು ಪೂರ್ತಿ ರೇಸ್ ಕೊಟ್ಟುಬಿಟ್ಟೆ. ಒಂದು ಏರಿನಲ್ಲಿ ಇಂಜಿನ್ನು ಬಿಗಿದು ನಿಂತಿತು. ಹೊಂಗೆ ನೆರಳಲ್ಲಿ ಆರಲು ಬಿಟ್ಟೆವು. ಆಮೇಲೆ ಹೊರಟಿತು. ಶಿಫ್ಟ್ ಮುಗಿಸಿ ಬಂದು, ಅಣ್ಣ ಬರುವ ಮೊದಲೇ ಧೂಳು ಒರೆಸಿ ಇದ್ದಲ್ಲೇ ಇಟ್ಟೆ.

ವಾರ ತುಂಬಿದ ಮೇಲೆ ಅಣ್ಣ ಗಾಡಿ ಕೊಟ್ಟ. ಕೆಲವೇ ದಿನಕ್ಕೆ ರಸ್ತೆಯಲ್ಲಿ ಅದರ ಇಂಜಿನ್ನು ಹಿಡಿದುಕೊಂಡು, ಹಾಲಿನ ಕ್ಯಾನುಗಳ ಸಮೇತ ಉರುಳಿತು. ಹಾಲಿನವರು ಅದನ್ನು ತಳ್ಳಿಕೊಂಡು ಬಂದರು. ಅಂಗಡಿ ಮುಂದೆ ಜನ ಇದ್ದರು.

"ನಿನ್ನ ಕೈ ನಂಬಿದ್ದೆ ಕಣಪ್ಪಾ. ಹಾಲೆಲ್ಲ ರಸ್ತೆ ಕುಡೀತು" ಅಂದರು.

ಅಣ್ಣ ಇಂಜಿನ್ನು ಬಿಚ್ಚಿದ. ಪಿಸ್ಟನ್ ಮೇಲಿನ ಗೀರುಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತ. ನಾನು ಟೀ ಹಿಡಿದು ನಿಂತಿದ್ದೆ. "ನಾನೇ ಬಿಗಿಯಾಗಿ ಕೂರಿಸಿಬಿಟ್ನೇನೋ" ಅಂದ. ನನಗೆ ಹೇಳಿದನೋ, ತನಗೇ ಹೇಳಿಕೊಂಡನೋ. ನನ್ನ ಬಾಯಿಂದ ನಿಜ ಬರಲಿ ಅಂತ ಕಾದನೋ. ಇವತ್ತಿಗೂ ನನಗೆ ತಿಳಿಯದು. ನಾನು ಲೋಟ ಇಟ್ಟು ಒಳಗೆ ಹೋದೆ.

ಆ ಗಾಡಿಯನ್ನು ತಾನೇ ರಿಪೇರಿ ಮಾಡಿಕೊಟ್ಟ. ಅದೇ ಕೊನೆ. ಆಮೇಲೆ ಯಾರೇ ಇಂಜಿನ್ ಕೆಲಸ ತಂದರೂ ದೊಡ್ಡಬಳ್ಳಾಪುರಕ್ಕೆ ಹೋಗಿ ಅನ್ನುತ್ತಿದ್ದ. ಪಂಕ್ಚರ್ ಹಾಕಿದ, ಬ್ರೇಕ್ ವೈರ್ ಬದಲಿಸಿದ. ಕೊನೆಗೆ ಅಂಗಡಿ ಮುಚ್ಚಿ ನಮ್ಮ ಕಾರ್ಖಾನೆಯಲ್ಲೇ ಗೇಟು ಕಾಯಲು ಸೇರಿದ. ಹಳೇ ಗಿರಾಕಿಗಳು ಗಾಡಿ ನಿಲ್ಲಿಸಿ, ಒಂಚೂರು ಸದ್ದು ಕೇಳಿ ಹೇಳಣ್ಣ ಅಂದರೆ, ನಂಗದೆಲ್ಲ ಗೊತ್ತಾಗಲ್ಲ ಅಂತ ಮುಖ ತಿರುಗಿಸುತ್ತಿದ್ದ. ನಾನು ಅವನ ಮುಂದೆಯೇ ಕಾರ್ಡ್ ತೋರಿಸಿ ಒಳಗೆ ಹೋಗುತ್ತಿದ್ದೆ. ಎಷ್ಟೋ ಸಲ ಹೇಳಬೇಕು ಅನ್ನಿಸಿತು. ಗೊತ್ತಿದ್ದೂ ಸುಮ್ಮನಿದ್ದಾನೆ ಅನ್ನಿಸಿದಾಗ ಭಯ, ಗೊತ್ತೇ ಇಲ್ಲ ಅನ್ನಿಸಿದಾಗ ಇನ್ನೂ ಭಯ.

ಅವನು ತೀರಿಕೊಳ್ಳುವ ಹಿಂದಿನ ದಿನ, ಆಸ್ಪತ್ರೆಯಲ್ಲಿ, ಹೇಳಿದೆ. "ಅಣ್ಣ, ಹಾಲಿನವರ ಮೊಪೆಡ್ಡು ನಾನು ಓಡಿಸಿದ್ದೆ. ಇಬ್ಬರು ಕೂತು, ಫುಲ್ ರೇಸ್ ಕೊಟ್ಟು. ದಾರೀಲಿ ಒಂದ್ಸಲ ಹಿಡ್ಕೊಂಡಿತ್ತು."

ಅವನು ಯಾವ ಗಾಡಿ, ಯಾವಾಗ, ಒಂದನ್ನೂ ಕೇಳಲಿಲ್ಲ. ನನ್ನ ಕಡೆ ಮುಖ ತಿರುಗಿಸಿದ.

"ಹಂಗಾದ್ರೆ ಬೋರು ಸರಿಯಾಗೇ ಇತ್ತು, ಅಲ್ವೇನಮ್ಮಿ?"

ಇತ್ತು ಅಣ್ಣ, ಅಂದೆ. ಮತ್ತೆ ಕೇಳಿದ. ಮತ್ತೆ ಇತ್ತು ಅಂದೆ. ನರ್ಸಮ್ಮ ಬಂದು ಇನ್ನು ಮಾತಾಡಿಸಬೇಡಿ ಅನ್ನುವವರೆಗೂ ಅವನು ಅದನ್ನೇ ಕೇಳುತ್ತಿದ್ದ, ನಾನು ಅದನ್ನೇ ಹೇಳುತ್ತಿದ್ದೆ.