ಹತ್ತು ಚೀಲ

ಹತ್ತು ಮಂದಿಯನ್ನು ಕೂಡಿಸಿದರೆ ನನ್ನ ಸೀಟು ಪುಕ್ಕಟೆ, ಇದು ಟೂರಿನವನ ಕರಾರು. ಅಮೆರಿಕದ ಮರುಭೂಮಿಯಲ್ಲಿರುವ ಹೆಸರಾಂತ ಕೊಳ್ಳದೊಳಗೆ ನಾಲ್ಕು ದಿನದ ನಡಿಗೆ. ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಚೀಲ ಮಾರುವವನು ನಾನು. ನನ್ನ ಗಿರಾಕಿಗಳನ್ನೇ ಒಪ್ಪಿಸಿ ಅಂಗಡಿಗೆ ಕರೆಸಿದೆ.

ಟೂರಿನವನು ಬಂದವನೇ ಎಲ್ಲರಿಗೂ ಒಂದೊಂದು ಚೀಲ ಹಂಚಿದ.

“ಬುತ್ತಿ ಕಟ್ಟಾಕೇನ್ರಿ?” ಬಸಣ್ಣ ಸಾಹುಕಾರರು ಚೀಲದೊಳಗೆ ಕೈ ಹಾಕಿ ಕೇಳಿದರು.

“ಅಲ್ಲರಿ. ಅಲ್ಲಿ ಬಯಲಕಡಿಗೆ ಹೋದ್ರ ಹಂಗ ಬಿಟ್ಟು ಬರಂಗಿಲ್ಲ. ಇದರಾಗ ತುಂಬಿ, ಬೆನ್ನಿಗೆ ಹಾಕ್ಕೊಂಡು ಹೊತ್ತು ತರಬೇಕು.”

ಸಾಹುಕಾರರು ಕೈ ಹೊರತೆಗೆದು ಧೋತರಕ್ಕೆ ಒರೆಸಿಕೊಂಡರು.

“ಹಮಾಲರು ಇರಂಗಿಲ್ಲೇನು?”

“ಇಲ್ರಿ. ಅವರವರದು ಅವರವರೇ.”

ಹತ್ತೂ ಮಂದಿ ಚಹಾ ಸಹ ಮುಟ್ಟದೆ ಎದ್ದು ಹೋದರು.

ನನ್ನ ಸೀಟೂ ಹೋಯಿತು. ಒಟ್ಟು ಲಾಭ, ಅವರು ಬಿಟ್ಟುಹೋದ ಹತ್ತು ಚೀಲ. ನೀರು ತುಂಬಿ ನೋಡಿದೆ, ಒಂದೂ ಸೋರಲಿಲ್ಲ.